ದ್ವೀಪದ ಪಟ್ಟಿ ಆಮೇಲೆ: ಏಜಿಯನ್ ಸಮುದ್ರದಲ್ಲಿ ಇಬ್ಬರ ಬೇಸಿಗೆ

ಮೆಡಿಟರೇನಿಯನ್ ದ್ವೀಪಗಳಿಗೆ ಹೊರಟ ಗಂಡ-ಹೆಂಡತಿ ನಮ್ಮ ಮನೆಗೆ ಬಂದು ಕೂತರೆ ಮೊದಲು ಕೇಳುವುದು, "ಯಾವ ಯಾವ ದ್ವೀಪ ನೋಡಬೇಕು?" ಅಂತ. ನಾನೂ ನಮ್ಮ ಯಜಮಾನರೂ ಹೇಳುವುದು ಯಾವಾಗಲೂ ಒಂದೇ ಮಾತು: ದ್ವೀಪದ ಪಟ್ಟಿ ಆಮೇಲೆ ಮಾಡಿ, ಮೊದಲು ಗಾಳಿಯ ಲೆಕ್ಕ ಹಾಕಿ, ಹಡಗಿನ ಲೆಕ್ಕ ಹಾಕಿ, ಮಧ್ಯಾಹ್ನದ ಬಿಸಿಲಿನ ಲೆಕ್ಕ ಹಾಕಿ. ಗ್ರೀಸ್ ದೇಶವೊಂದಕ್ಕೇ ದ್ವೀಪ, ನಡುಗಡ್ಡೆ ಎಲ್ಲ ಸೇರಿ ಸುಮಾರು 6,000 ಇವೆ. ಜನ ಇರುವುದು 227ರಲ್ಲಿ. ಎಲ್ಲಿಗೆ ಹೋದರೂ ಸಮುದ್ರ ಅದೇ ನೀಲಿ, ಮನೆ ಅದೇ ಬಿಳಿ. ರಜೆ ಚೆನ್ನಾಗಿ ಕಳೆಯಿತೋ ಇಲ್ಲವೋ ಎನ್ನುವುದು ಆ ಮೂರು ಲೆಕ್ಕದ ಮೇಲೆ ನಿಂತಿದೆ.

ಇವರು ಇತಿಹಾಸದ ಮೇಷ್ಟ್ರಾಗಿದ್ದವರು, ನಾನು ಬ್ಯಾಂಕಿನಲ್ಲಿದ್ದವಳು. ಇಬ್ಬರಿಗೂ ನಿವೃತ್ತಿಯಾದ ಮೇಲೆ ಏಜಿಯನ್ ಸಮುದ್ರ ನಮ್ಮನ್ನು ಮತ್ತೆ ಮತ್ತೆ ಕರೆಸಿಕೊಂಡಿದೆ. ಸೈಕ್ಲಡೀಸ್ ಎಂಬ ದ್ವೀಪಗಳ ಗುಂಪು, ಅದರ ದಕ್ಷಿಣಕ್ಕೆ ಕ್ರೀಟ್, ಇವೇ ನಾವು ಬಲ್ಲ ಜಾಗಗಳು. ಅಲ್ಲಿ ಕಲಿತದ್ದನ್ನು ಇಲ್ಲಿ ಬರೆದಿದ್ದೇನೆ.

1. ನಮ್ಮ ಬೇಸಿಗೆ ರಜೆಗೂ ಅವರ ಬೇಸಿಗೆಗೂ ತಾಳೆಯಿಲ್ಲ.

ನಮ್ಮಲ್ಲಿ ಶಾಲೆಗೆ ರಜೆ ಏಪ್ರಿಲ್, ಮೇ ತಿಂಗಳಲ್ಲಿ. ಅಲ್ಲಿ ಆಗಿನ್ನೂ ವಸಂತ. ಗುಡ್ಡದ ತುಂಬ ಕೆಂಪು ಗಸಗಸೆ ಹೂ, ಗಾಳಿ ತಂಪು, ಸಮುದ್ರದ ನೀರು ಮಾತ್ರ ಹತ್ತೊಂಬತ್ತು ಡಿಗ್ರಿ ದಾಟಿರುವುದಿಲ್ಲ. ನಡೆಯುವ ಹುಚ್ಚಿರುವವರಿಗೆ ಮೇ ತಿಂಗಳಿಗಿಂತ ಒಳ್ಳೆಯ ಕಾಲವಿಲ್ಲ. ನೀರಿಗಿಳಿಯಬೇಕು ಎನ್ನುವವರು ಜೂನ್ ನಡುಭಾಗದವರೆಗೆ ಕಾಯಬೇಕು. ಜುಲೈ, ಆಗಸ್ಟ್‌ನಲ್ಲಿ ಯುರೋಪಿಗೆಲ್ಲ ರಜೆ, ಕೋಣೆ ಬಾಡಿಗೆ ನೆತ್ತಿಗೇರಿರುತ್ತದೆ, ಗಾಳಿಯ ಕಾಟವೂ ಆಗಲೇ. ಮಕ್ಕಳ ಶಾಲೆಯ ಹಂಗಿಲ್ಲದ ದಂಪತಿ ನೀವಾದರೆ ಸೆಪ್ಟೆಂಬರಿಗೆ ಹೋಗಿ. ಬೇಸಿಗೆಯಿಡೀ ಕಾದ ನೀರು ಆಗಲೂ ಬೆಚ್ಚಗಿರುತ್ತದೆ, ಅಂಜೂರ ಹಣ್ಣಾಗಿರುತ್ತದೆ, ಅಂಗಡಿಯವರಿಗೆ ಮಾತಾಡಲು ಪುರಸೊತ್ತು ಸಿಕ್ಕಿರುತ್ತದೆ. ಜೂನ್ ಕೊನೆಗೂ ಅದರದೇ ಸುಖವಿದೆ: ಸೂರ್ಯ ಮುಳುಗುವುದು ರಾತ್ರಿ ಒಂಬತ್ತಕ್ಕೆ ಹದಿನೈದು ಇಪ್ಪತ್ತು ನಿಮಿಷ ಇರುವಾಗ.

2. ವೀಸಾ ಅರ್ಜಿಯನ್ನು ಬೇಗ ಹಾಕಿ, ಒಂದು ಪ್ರವೇಶವೋ ಹಲವು ಪ್ರವೇಶವೋ ನೋಡಿಕೊಳ್ಳಿ.

ಷೆಂಗೆನ್ ವೀಸಾಕ್ಕೆ ಆರು ತಿಂಗಳು ಮುಂಚಿತವಾಗಿಯೇ ಅರ್ಜಿ ಹಾಕಬಹುದು. 2024ರ ಜೂನ್‌ನಿಂದ ದೊಡ್ಡವರಿಗೆ ಶುಲ್ಕ 90 ಯೂರೋ. ಕನಿಷ್ಠ 30,000 ಯೂರೋ ವೈದ್ಯಕೀಯ ವಿಮೆ ಕಡ್ಡಾಯ. ಇವೆಲ್ಲ ಎಲ್ಲರಿಗೂ ಗೊತ್ತಿರುವ ಸಂಗತಿ. ಆದರೆ ಕೋಸ್, ರೋಡ್ಸ್, ಸಾಮೊಸ್ ಮುಂತಾದ ಪೂರ್ವದ ದ್ವೀಪಗಳಿಂದ ಟರ್ಕಿಯ ದಡ ಕಣ್ಣಿಗೆ ಕಾಣುವಷ್ಟು ಹತ್ತಿರ. "ಬೆಳಗ್ಗೆ ಹೋಗಿ ಸಂಜೆ ಬರೋಣ" ಅಂತ ದೋಣಿ ಹತ್ತಿದರೆ ಷೆಂಗೆನ್ ಗಡಿ ದಾಟಿದಂತಾಯಿತು. ನಿಮ್ಮದು ಒಂದೇ ಪ್ರವೇಶದ ವೀಸಾ ಆಗಿದ್ದರೆ ವಾಪಸು ಬರಲು ದಾರಿಯಿಲ್ಲ, ನಿಮ್ಮ ಚೀಲ ಮಾತ್ರ ಗ್ರೀಸಿನಲ್ಲಿ ಉಳಿದಿರುತ್ತದೆ. ಟಿಕೆಟ್ ಮಾರುವವರು ಇದನ್ನು ನಿಮಗೆ ಹೇಳಲಿ ಎಂದು ಕಾಯಬೇಡಿ.

ಅಲ್ಲಿ ಕಾರು ಓಡಿಸುವ ಯೋಚನೆಯಿದ್ದರೆ ಹೊರಡುವ ಮೊದಲೇ ಆರ್‌ಟಿಓದಲ್ಲಿ ಅಂತಾರಾಷ್ಟ್ರೀಯ ಚಾಲನಾ ಪರವಾನಗಿ ಮಾಡಿಸಿಕೊಳ್ಳಿ. ಅಲ್ಲಿ ರಸ್ತೆಯ ಬಲಬದಿ ಹಿಡಿದು ಓಡಿಸಬೇಕು ಎಂಬುದು ನೆನಪಿರಲಿ. ಗುಡ್ಡದ ತಿರುವುಗಳಲ್ಲಿ ಪಕ್ಕದಲ್ಲಿ ಕೂತವರೂ ಕಣ್ಣಿಟ್ಟಿರಬೇಕು.

3. ಒಂದು ರಜೆಗೆ ಎರಡು ದ್ವೀಪ. ಬಹಳವೆಂದರೆ ಮೂರು.

ದ್ವೀಪದಿಂದ ದ್ವೀಪಕ್ಕೆ ಹೋಗುವುದೆಂದರೆ ಒಂದು ಇಡೀ ದಿನದ ಕೆಲಸ. ಬೆಳಗ್ಗೆ ಹತ್ತು ಹನ್ನೊಂದಕ್ಕೆ ಕೋಣೆ ಖಾಲಿ ಮಾಡಬೇಕು, ಹಡಗು ಮೂರಕ್ಕೆ, ಅದು ತಡ, ಅಲ್ಲಿ ಇಳಿದು ಬಸ್ಸು, ಹೊಸ ಕೋಣೆಯ ಬೀಗ ತೆಗೆಯುವಾಗ ಸಂಜೆ. ಹತ್ತು ದಿನದ ರಜೆಯಲ್ಲಿ ಐದು ದ್ವೀಪ ಎಂದು ಬರೆದುಕೊಂಡವರು ಅರ್ಧ ರಜೆಯನ್ನು ಚೀಲ ತುಂಬುವುದರಲ್ಲೇ ಕಳೆಯುತ್ತಾರೆ. ಇಬ್ಬರ ನಡುವೆ ಮಾತು ಬಿರುಸಾಗುವುದೂ ಇಂಥ ದಿನಗಳಲ್ಲೇ.

ಆರಿಸುವ ದ್ವೀಪಗಳು ಒಂದೇ ಹಡಗಿನ ಹಾದಿಯಲ್ಲಿರಲಿ. ಅಥೆನ್ಸಿನ ಬಂದರಾದ ಪಿರೇಯಸ್‌ನಿಂದ ಪಾರೊಸ್, ನಾಕ್ಸೊಸ್, ಸ್ಯಾಂಟೊರಿನಿ ಒಂದರ ಹಿಂದೆ ಒಂದು ಬರುತ್ತವೆ. ದೊಡ್ಡ ಹಡಗಿನಲ್ಲಿ ನಾಕ್ಸೊಸ್‌ಗೆ ಐದು ಗಂಟೆಯ ಮೇಲೆ, ಸ್ಯಾಂಟೊರಿನಿಗೆ ಏಳೂವರೆ, ಎಂಟು ಗಂಟೆ ಹಿಡಿಯುತ್ತದೆ. ನಕ್ಷೆಯಲ್ಲಿ ಹತ್ತಿರ ಕಂಡ ಎರಡು ದ್ವೀಪಗಳ ನಡುವೆ ನೇರ ಹಡಗೇ ಇಲ್ಲದಿರಬಹುದು. ಅಂಥ ಕಡೆ ಮತ್ತೆ ಪಿರೇಯಸ್‌ಗೆ ಬಂದು ಇನ್ನೊಂದು ಹಡಗು ಹಿಡಿಯಬೇಕು. ಆದ್ದರಿಂದ ಮೊದಲು ಹಡಗಿನ ದಾರಿ ನೋಡಿ, ಆಮೇಲೆ ದ್ವೀಪ ಆರಿಸಿ.

4. ಬೇಸಿಗೆಯ ಯಜಮಾನ ಮೆಲ್ತೆಮಿ.

ಇದೊಂದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಏಕೆಂದರೆ ನಮ್ಮ ಕಡೆಯವರಿಗೆ ಇದು ತಲೆಗೆ ಹೋಗುವುದು ನಿಧಾನ. ನಮಗೆ ಬಿರುಗಾಳಿ ಎಂದರೆ ಮೋಡ ಕವಿಯಬೇಕು, ಗುಡುಗಬೇಕು, ಮಳೆ ಹೊಯ್ಯಬೇಕು. ಮೆಲ್ತೆಮಿ ಎಂಬ ಈ ಗಾಳಿ ಹಾಗಲ್ಲ. ಆಕಾಶ ನಿಚ್ಚಳ ನೀಲಿ, ಬಿಸಿಲು ಝಳಝಳ, ಒಂದು ಚೂರು ಮೋಡವಿಲ್ಲ. ಆದರೂ ಮೇಜಿನ ಮೇಲಿನ ಲೋಟ ಉರುಳುತ್ತದೆ, ಸಮುದ್ರದ ಮೇಲೆಲ್ಲ ಬಿಳಿ ನೊರೆ. ಬಾಲ್ಕನ್ ಕಡೆ ವಾಯುಒತ್ತಡ ಹೆಚ್ಚು, ಬಿಸಿಲಿಗೆ ಕಾದ ಟರ್ಕಿಯ ನೆಲದ ಮೇಲೆ ಒತ್ತಡ ಕಡಿಮೆ. ಇವೆರಡರ ನಡುವೆ ಸಿಕ್ಕ ಏಜಿಯನ್ ಮೇಲೆ ಗಾಳಿ ಉತ್ತರದಿಂದ ನುಗ್ಗುತ್ತದೆ. ಜುಲೈ, ಆಗಸ್ಟ್‌ನಲ್ಲಿ ಇದರ ಜೋರು ಹೆಚ್ಚು. ಒಮ್ಮೆ ಹಿಡಿದರೆ ಎರಡು ಮೂರು ದಿನ ಬಿಡದೆ ಬೀಸುವುದುಂಟು, ವಾರಗಟ್ಟಲೆಯೂ ಉಂಟು. ಅರಿಸ್ಟಾಟಲ್ ಕೂಡ ಈ ಗಾಳಿಯ ಬಗ್ಗೆ ಬರೆದಿದ್ದಾನೆ.

ಇದಕ್ಕೂ ನಮ್ಮ ಮುಂಗಾರಿಗೂ ನಂಟಿದೆ ಎಂದು ಹವಾಮಾನ ವಿಜ್ಞಾನಿಗಳು ತೋರಿಸಿಕೊಟ್ಟಿದ್ದಾರೆ. ಮುಂಗಾರಿನಲ್ಲಿ ದಕ್ಷಿಣ ಏಷ್ಯಾದ ಮೇಲೆ ಗಾಳಿ ಮೇಲೇರಿ ಮಳೆ ಸುರಿಸುವಾಗ, ಅದರ ಪರಿಣಾಮವಾಗಿ ದೂರದ ಪೂರ್ವ ಮೆಡಿಟರೇನಿಯನ್ ಮೇಲೆ ಗಾಳಿ ಕೆಳಗಿಳಿಯುತ್ತದೆ, ಮೋಡ ಕಟ್ಟಲು ಬಿಡುವುದಿಲ್ಲ. ಆಗುಂಬೆಯಲ್ಲಿ ಮಳೆ ಸುರಿಯುವ ತಿಂಗಳಲ್ಲೇ ನಾಕ್ಸೊಸ್ ಒಣಗಿ ನಿಲ್ಲುವುದು ಬರೀ ಕಾಕತಾಳೀಯವಲ್ಲ. ಇವರು ಇದನ್ನು ಓದಿ ಹೇಳಿದ ದಿನದಿಂದ ನನಗೆ ಆ ಗಾಳಿಯ ಮೇಲೆ ಒಂದು ಥರದ ಸಲಿಗೆ ಹುಟ್ಟಿದೆ.

ಈಗ ಕೆಲಸದ ಮಾತು. ಗಾಳಿ ಬೋಫೋರ್ಟ್ ಮಾಪಕದಲ್ಲಿ 8ಕ್ಕೆ, ಅಂದರೆ ಗಂಟೆಗೆ 62 ಕಿಲೋಮೀಟರು ಮತ್ತು ಅದರ ಮೇಲಕ್ಕೆ ಹೋದರೆ ಬಂದರಿನ ಅಧಿಕಾರಿಗಳು ಸಾಮಾನ್ಯವಾಗಿ ಹಡಗು ಬಿಡಲು ಒಪ್ಪುವುದಿಲ್ಲ. ವೇಗದ ಸಣ್ಣ ದೋಣಿಗಳು ಅದಕ್ಕೂ ಮೊದಲೇ ನಿಲ್ಲುತ್ತವೆ. ಹಡಗು ರದ್ದಾದರೆ ಹಣ ವಾಪಸು ಪಡೆಯುವ ಅಥವಾ ಬೇರೆ ಹಡಗಿನಲ್ಲಿ ಹೋಗುವ ಹಕ್ಕು ಯುರೋಪಿನ ಕಾನೂನಿನಲ್ಲೇ ಇದೆ. ಆದರೆ ತಪ್ಪಿಹೋದ ವಿಮಾನವನ್ನು ಯಾವ ಕಾನೂನೂ ಹಿಂದಕ್ಕೆ ಕರೆಸುವುದಿಲ್ಲ. ನಾಕ್ಸೊಸ್ ಬಂದರಿನಲ್ಲಿ ಒಂದು ಸಂಜೆ ಕನ್ನಡ ಕೇಳಿಸಿತು. ಬೆಂಗಳೂರಿನ ಹೊಸ ಜೋಡಿ. ಹುಡುಗಿಯ ಕಣ್ಣು ಕೆಂಪಾಗಿತ್ತು. "ಆಂಟಿ, ನಾಳೆ ಬೆಳಗಿನ ಜಾವ ಅಥೆನ್ಸಿಂದ ಫ್ಲೈಟು. ಇಷ್ಟು ಬಿಸಿಲಿದೆ, ಹಡಗು ಇಲ್ಲ ಅಂತಾರಲ್ಲ!" ಇವರು ಆ ಹುಡುಗನನ್ನು ಧಕ್ಕೆಯ ತುದಿಗೆ ಕರೆದುಕೊಂಡು ಹೋಗಿ ಹೊರಗಿನ ಸಮುದ್ರ ತೋರಿಸಿದರು. ಅಲೆಗಳು ಗೋಡೆ ಹತ್ತಿ ಈಚೆ ಬೀಳುತ್ತಿದ್ದವು. "ಬಿಡಪ್ಪ, ಇದರಲ್ಲಿ ಹೋಗೋದು ಬೇಡ. ಮೊದಲು ವಿಮಾನದ ಆಫೀಸಿಗೆ ಫೋನು ಮಾಡು, ಆಮೇಲೆ ಊಟ ಮಾಡೋಣ" ಅಂದರು. ಅವತ್ತು ರಾತ್ರಿ ಅವರಿಬ್ಬರೂ ನಮ್ಮ ಜೊತೆಗೇ ಉಂಡರು.

ಇದರಿಂದ ಮೂರು ನಿಯಮ ಮಾಡಿಕೊಳ್ಳಬಹುದು. ಸಾಧ್ಯವಾದಷ್ಟೂ ದೊಡ್ಡ ಹಡಗಿಗೇ ಟಿಕೆಟ್ ಕೊಳ್ಳಿ. ಎರಡು ಗಂಟೆ ಉಳಿಸುವ ವೇಗದ ದೋಣಿಯಲ್ಲಿ ಹೊರಗೆ ಡೆಕ್ ಮೇಲೆ ನಿಲ್ಲುವಂತಿಲ್ಲ, ಅಲೆ ಎದ್ದರೆ ಹೊಟ್ಟೆ ತೊಳಸುವುದೂ ಅದರಲ್ಲೇ ಜಾಸ್ತಿ. ದೂರದ ದ್ವೀಪಕ್ಕೆ ಮೊದಲು ಹೋಗಿ, ಅಥೆನ್ಸಿಗೆ ಹತ್ತಿರದ್ದನ್ನು ಕೊನೆಗಿಟ್ಟುಕೊಳ್ಳಿ. ಉತ್ತರದ ಗಾಳಿ ಇರುವ ದಿನ ದಕ್ಷಿಣಕ್ಕೆ ಮುಖ ಮಾಡಿದ, ಗುಡ್ಡದ ಮರೆಯಿರುವ ಕಡಲತೀರ ಹುಡುಕಿ. ಒಂದೇ ದ್ವೀಪದಲ್ಲಿ ಉತ್ತರದ ತೀರದಲ್ಲಿ ಮರಳು ಕಣ್ಣಿಗೆ ರಾಚುತ್ತಿರುವಾಗ ದಕ್ಷಿಣದ ತೀರ ಶಾಂತವಾಗಿರಬಹುದು. ಎತ್ತ ಹೋಗಲಿ ಎಂದು ಕೋಣೆ ಕೊಟ್ಟ ಮನೆಯವರನ್ನೇ ಬೆಳಗ್ಗೆ ಕೇಳಿ, ಅವರು ಕಿಟಕಿಯಿಂದ ಇಣುಕಿ ನೋಡಿ ಹೇಳುತ್ತಾರೆ.

5. ಹಡಗು ನಿಮಗಾಗಿ ಕಾಯುವುದಿಲ್ಲ.

ಪಿರೇಯಸ್ ಬಂದರು ಕಿಲೋಮೀಟರುಗಟ್ಟಲೆ ಹರಡಿದೆ. ದ್ವಾರಗಳಿಗೆ ಇ1ರಿಂದ ಇ12ರವರೆಗೆ ಹೆಸರು. ಟಿಕೆಟ್ಟಿನಲ್ಲಿ ಯಾವ ದ್ವಾರ ಎಂದು ನೋಡದೆ ಹೋದರೆ ಬೆಳಗ್ಗೆ ಏಳು ಗಂಟೆಗೆ ಚೀಲ ಎಳೆದುಕೊಂಡು ಓಡಬೇಕಾಗುತ್ತದೆ. ಮುಕ್ಕಾಲು ಗಂಟೆ ಮೊದಲೇ ಹೋಗಿ ನಿಲ್ಲಿ.

ನಡುದಾರಿಯ ದ್ವೀಪದಲ್ಲಿ ಇಳಿಯುವುದು ಇನ್ನೂ ಚುರುಕಿನ ಕೆಲಸ. ಹಡಗು ಅಲ್ಲಿ ನಿಲ್ಲುವುದು ಕೆಲವೇ ನಿಮಿಷ. ಧ್ವನಿವರ್ಧಕದಲ್ಲಿ ನಿಮ್ಮ ದ್ವೀಪದ ಹೆಸರು ಕೂಗಿದ ತಕ್ಷಣ ಎದ್ದು ಕೆಳಗಿನ ಗ್ಯಾರೇಜಿಗೆ ಇಳಿಯಬೇಕು. ಅಲ್ಲಿ ಡೀಸೆಲ್ ವಾಸನೆ, ಅರೆಗತ್ತಲು, ಲಾರಿಗಳ ನಡುವೆ ಕಬ್ಬಿಣದ ಕಪಾಟುಗಳು. ಒಂದೊಂದು ಕಪಾಟಿನ ಮೇಲೆ ಒಂದೊಂದು ದ್ವೀಪದ ಹೆಸರು. ನಿಮ್ಮ ಚೀಲ ಇಟ್ಟದ್ದು ಯಾವುದರಲ್ಲಿ ಎಂದು ಹತ್ತುವಾಗಲೇ ನೆನಪಿಟ್ಟುಕೊಂಡಿರಬೇಕು. ಸರಪಳಿ ಕಿರುಗುಟ್ಟುತ್ತ ಹಿಂಬದಿಯ ದೊಡ್ಡ ಬಾಗಿಲು ಇಳಿಯುತ್ತದೆ. ಮೊದಲು ಒಂದು ಗೆರೆ ಬೆಳಕು, ಆಮೇಲೆ ಆಕಾಶ, ಆಮೇಲೆ ಕಟ್ಟೆಯ ಮೇಲೆ ಕೋಣೆಯ ಫಲಕ ಹಿಡಿದು ನಿಂತ ಹೆಂಗಸರು. ಬಾಗಿಲು ನೆಲ ಮುಟ್ಟುವ ಮೊದಲೇ ಹಗ್ಗ ಹಿಡಿದವನು ಕೈ ಬೀಸುತ್ತಾನೆ: ನಡೀರಿ, ನಡೀರಿ! ಒಂದು ಕಡೆಯಿಂದ ಜನ, ಇನ್ನೊಂದು ಕಡೆಯಿಂದ ಸ್ಕೂಟರು, ತರಕಾರಿ ಲಾರಿ, ಎಲ್ಲ ಒಟ್ಟಿಗೆ. ಆ ಗದ್ದಲದಲ್ಲಿ ಒಬ್ಬರು ಚೀಲ, ಇನ್ನೊಬ್ಬರು ಕಾಗದಪತ್ರದ ಕೈಚೀಲ ಎಂದು ಮೊದಲೇ ಹಂಚಿಕೊಂಡಿದ್ದರೆ ಸುಲಭ. ನನಗೆ ಇಡೀ ಪ್ರಯಾಣದಲ್ಲಿ ಅತ್ಯಂತ ಇಷ್ಟದ ಗಳಿಗೆ ಅದೇ.

6. ಮಧ್ಯಾಹ್ನ ಹನ್ನೆರಡರಿಂದ ಐದರವರೆಗೆ ಒಳಗಿರಿ.

ನಾವು ಬಿಸಿಲು ನಾಡಿನವರು, ನಮಗೇನು ಎನ್ನುವ ಧೈರ್ಯ ಬೇಡ. ಅಲ್ಲಿಯ ಬಿಸಿಲಿನಲ್ಲಿ ಬೆವರು ಬಂದದ್ದೇ ಗೊತ್ತಾಗುವುದಿಲ್ಲ. ಒಣಗಾಳಿ ಆಗಿಂದಾಗಲೇ ಆರಿಸಿಬಿಡುತ್ತದೆ, ಮೈಯಲ್ಲಿ ನೀರು ಕಡಿಮೆಯಾದದ್ದು ತಿಳಿಯುವುದು ತಲೆ ಸುತ್ತಿದಾಗ. ಮರ ಕಡಿಮೆ, ಬಿಳಿ ಗೋಡೆ, ಬಿಳಿ ಕಲ್ಲು, ನೆರಳೆಂಬುದೇ ಇಲ್ಲ. 2023ರ ಜುಲೈಯಲ್ಲಿ, ಮತ್ತೆ 2024ರ ಜೂನ್‌ನಲ್ಲಿ ಅಥೆನ್ಸಿನ ಅಕ್ರೊಪೊಲಿಸನ್ನೇ ಮಧ್ಯಾಹ್ನದ ಹೊತ್ತು ಮುಚ್ಚಬೇಕಾಯಿತು. ಅದೇ 2024ರ ಜೂನ್‌ನಲ್ಲಿ ಸಿಮಿ ದ್ವೀಪದಲ್ಲಿ ಕಡಲತೀರದಿಂದ ನಡೆದು ಹೊರಟ ಬ್ರಿಟನ್ನಿನ ಹೆಸರಾಂತ ಟಿವಿ ವೈದ್ಯ ಮೈಕೆಲ್ ಮೋಸ್ಲಿ ಹಿಂತಿರುಗಲಿಲ್ಲ. ಆರೋಗ್ಯದ ಬಗ್ಗೆ ಲೋಕಕ್ಕೆಲ್ಲ ತಿಳಿಹೇಳಿದ ಮನುಷ್ಯ. ಆ ಸುದ್ದಿ ಓದಿದ ದಿನ ನಾವಿಬ್ಬರೂ ಬಹಳ ಹೊತ್ತು ಮಾತಾಡಲಿಲ್ಲ.

ಆದ್ದರಿಂದ ನಡೆಯುವುದೆಲ್ಲ ಬೆಳಗ್ಗೆ ಆರೂವರೆಯಿಂದ ಹತ್ತರೊಳಗೆ. ಹೊರಟ ದಾರಿ, ಮರಳುವ ಹೊತ್ತು ಮನೆಯವರಿಗೆ ಹೇಳಿ ಹೋಗಿ. ಒಬ್ಬೊಬ್ಬರಿಗೆ ಎರಡು ಲೀಟರು ನೀರು. ಸ್ಯಾಂಟೊರಿನಿಯಂಥ ದ್ವೀಪದಲ್ಲಿ ನಲ್ಲಿಯಲ್ಲಿ ಬರುವುದು ಸಮುದ್ರದ ನೀರಿನಿಂದ ಉಪ್ಪು ತೆಗೆದದ್ದು, ಕುಡಿಯಲು ಬಾಟಲಿ ನೀರೇ ಕೊಳ್ಳಬೇಕು. ಮಧ್ಯಾಹ್ನ ಊರಿಗೆ ಊರೇ ಮಲಗುತ್ತದೆ. ಎರಡರಿಂದ ಐದೂವರೆಯವರೆಗೆ ಹಳ್ಳಿಯ ಬೀದಿಯಲ್ಲಿ ಜೋರಾಗಿ ಮಾತಾಡುವುದೂ ಅಲ್ಲಿ ಮರ್ಯಾದೆಯಲ್ಲ. ನೀವೂ ಮಲಗಿ.

7. ಸಸ್ಯಾಹಾರಿಗಳು ಉಪವಾಸದ ಅಡುಗೆ ಕೇಳಿ.

ನಾವು ಮೊಟ್ಟೆಯನ್ನೂ ಮುಟ್ಟದವರು. ಮೊದಲು ಹೊರಟಾಗ ನೆಂಟರೆಲ್ಲ ಅವಲಕ್ಕಿ, ಚಟ್ನಿಪುಡಿ ಕಟ್ಟಿಕೊಟ್ಟರು. ಚಟ್ನಿಪುಡಿ ಈಗಲೂ ತೆಗೆದುಕೊಂಡು ಹೋಗುತ್ತೇನೆ, ಆದರೆ ಹೊಟ್ಟೆ ತುಂಬಿಸಿಕೊಳ್ಳಲು ಅದರ ಅಗತ್ಯ ಬಿದ್ದಿಲ್ಲ. ಗ್ರೀಕ್ ಕ್ರೈಸ್ತರಿಗೆ ವರ್ಷದಲ್ಲಿ ಬಹಳ ದಿನ ಉಪವಾಸ. ಆಗ ಮಾಂಸವಿಲ್ಲ, ಮೊಟ್ಟೆಯಿಲ್ಲ, ಹಾಲು ಬೆಣ್ಣೆಯೂ ಇಲ್ಲ. ಆಗಸ್ಟ್ 1ರಿಂದ 14ರವರೆಗೂ ಅಂಥದೊಂದು ಉಪವಾಸವಿದೆ. ಹಾಗಾಗಿ ಎಣ್ಣೆಯಲ್ಲಿ ಬೇಯಿಸಿದ ತರಕಾರಿ ಅಡುಗೆಯ ದೊಡ್ಡ ಪರಂಪರೆಯೇ ಅಲ್ಲಿದೆ. "ನಿಸ್ತಿಸಿಮೊ" ಎಂದು ಕೇಳಿದರೆ ಹಳ್ಳಿಯ ಅಜ್ಜಿಗೂ ತಿಳಿಯುತ್ತದೆ. ಟೊಮೆಟೊ, ಆಲಿವ್ ಎಣ್ಣೆಯಲ್ಲಿ ಮೆತ್ತಗೆ ಬೇಯಿಸಿದ ಹುರುಳಿಕಾಯಿಗೆ ಫಸೊಲಾಕಿಯಾ. ಬದನೆ, ಆಲೂಗಡ್ಡೆ, ಸೋರೆಯ ಜಾತಿಯ ಎಳೆಕಾಯಿ ಸೇರಿಸಿ ಒಲೆಯಲ್ಲಿಟ್ಟದ್ದು ಬ್ರಿಯಾಮ್. ದೊಡ್ಡ ಬಿಳಿ ಕಾಳಿನದು ಗಿಗಾಂತೆಸ್. ಗುಡ್ಡದ ಸೊಪ್ಪು ಬೇಯಿಸಿ ನಿಂಬೆ ಹಿಂಡಿದ್ದು ಹೊರ್ತಾ. ಸ್ಯಾಂಟೊರಿನಿಯ ಫಾವ ಎಂದರೆ ಹಳದಿ ಬೇಳೆ ನುಣ್ಣಗೆ ಬೇಯಿಸಿ, ಮೇಲೆ ಈರುಳ್ಳಿ, ಎಣ್ಣೆ ಹಾಕಿದ್ದು. ಇವರು ಅದಕ್ಕೆ ಚಟ್ನಿಪುಡಿ ಉದುರಿಸಿಕೊಂಡು ತಿನ್ನುತ್ತಾರೆ.

ಒಂದು ಎಚ್ಚರ. ಅವರ ಉಪವಾಸಕ್ಕೆ ಸಿಗಡಿ, ಚಿಪ್ಪುಮೀನು, ಅಷ್ಟಪದಿ ನಿಷಿದ್ಧವಲ್ಲ. ಆದ್ದರಿಂದ ಆ ಪದದ ಜೊತೆಗೆ "ಸಮುದ್ರದ್ದೂ ಬೇಡ" ಎಂದು ಬಿಡಿಸಿ ಹೇಳಬೇಕು. ಅಕ್ಕಿ ತುಂಬಿದ ಟೊಮೆಟೊದಲ್ಲಿ ಕೆಲವೆಡೆ ಕೈಮಾ ಸೇರಿಸುತ್ತಾರೆ, ಕೇಳಿಕೊಂಡೇ ತಟ್ಟೆ ಹಾಕಿಸಿಕೊಳ್ಳಿ. ಮೊಸರು ಮಾತ್ರ ಎಲ್ಲೆಡೆ ಸಿಗುತ್ತದೆ, ಗಟ್ಟಿಯಾಗಿ, ಚಮಚ ನೆಟ್ಟಗೆ ನಿಲ್ಲುವ ಹಾಗೆ. ಅನ್ನ ಮೊಸರಿಲ್ಲದೆ ರಾತ್ರಿ ನಿದ್ದೆ ಬಾರದವರು ಅಡುಗೆಮನೆ ಇರುವ ಕೋಣೆ ಹಿಡಿಯಲಿ.

8. ಸ್ಯಾಂಟೊರಿನಿಯನ್ನು ಬೆಳಗ್ಗೆ ನೋಡಿ.

ಎಲ್ಲರೂ ಸಂಜೆ ಓಯಾ ಊರಿನ ಸೂರ್ಯಾಸ್ತಕ್ಕೆ ಓಡುತ್ತಾರೆ. ಓಣಿಯಲ್ಲಿ ಹೆಜ್ಜೆ ಇಡಲು ಜಾಗವಿರುವುದಿಲ್ಲ. ದೊಡ್ಡ ಪ್ರವಾಸಿ ಹಡಗುಗಳಿಂದ ಇಳಿಯುವ ಜನರನ್ನು ದಿನಕ್ಕೆ 8,000ಕ್ಕೆ ಮಿತಿಗೊಳಿಸಬೇಕಾಗಿ ಬಂದಿದೆ. ಆ ದ್ವೀಪದ ಜನಸಂಖ್ಯೆ ಹದಿನೈದು ಸಾವಿರದ ಮೇಲೆ ಚಿಲ್ಲರೆ ಅಷ್ಟೇ. ದ್ವೀಪದ ಮುಖ್ಯ ಊರಾದ ಫಿರಾದಿಂದ ಓಯಾಕ್ಕೆ ಜ್ವಾಲಾಮುಖಿಯ ಅಂಚಿನ ಮೇಲೆ ಸುಮಾರು ಹತ್ತು ಕಿಲೋಮೀಟರಿನ ಕಾಲುದಾರಿ ಇದೆ. ಸೂರ್ಯ ಹುಟ್ಟುವಾಗ ಹೊರಟರೆ ಇಬ್ಬರೇ ಇರುತ್ತೀರಿ. ಎಡಕ್ಕೆ ಕೆಳಗೆ ಕಪ್ಪು ಕೆಂಪು ಬಂಡೆಯ ಗೋಡೆ ನೇರವಾಗಿ ಸಮುದ್ರಕ್ಕೆ ಇಳಿಯುತ್ತದೆ. ಹೆಚ್ಚು ಕಡಿಮೆ 3,600 ವರ್ಷದ ಹಿಂದೆ ಸಿಡಿದು ಕುಸಿದ ಬೆಟ್ಟದ ಒಡಲು ಅದು.

ಆ ಸಿಡಿತದ ಬೂದಿಯಡಿ ಹೂತುಹೋದ ಊರು ಅಕ್ರೊತೀರಿ. 1967ರಲ್ಲಿ ಸ್ಪಿರಿಡಾನ್ ಮರಿನಾಟೊಸ್ ಅಗೆಯಲು ತೊಡಗಿದರು. ಎರಡು ಮೂರು ಅಂತಸ್ತಿನ ಮನೆ, ಕಾಳಿನ ಹರವಿ, ಬೀದಿಯ ಕೆಳಗೆ ಚರಂಡಿ ಎಲ್ಲ ಸಿಕ್ಕವು, ಮನುಷ್ಯರ ಅಸ್ಥಿ ಮಾತ್ರ ಸಿಗಲಿಲ್ಲ. ಮೊದಲೇ ಭೂಮಿ ನಡುಗಿ ಎಚ್ಚರಿಸಿತ್ತು, ಜನ ಊರು ಬಿಟ್ಟಿದ್ದರು ಎಂದು ತಿಳಿದವರ ಊಹೆ. 2025ರ ಫೆಬ್ರವರಿಯಲ್ಲಿ ಸಾಲು ಸಾಲು ಭೂಕಂಪನಕ್ಕೆ ಸಾವಿರಾರು ಜನ ಸ್ಯಾಂಟೊರಿನಿ ಬಿಟ್ಟು ಹೊರಟಾಗ ಇವರು ಟಿವಿ ಮುಂದೆ ಕೂತು, "ಅವತ್ತೂ ಹೀಗೇ ದೋಣಿ ಹತ್ತಿರಬೇಕು ಕಣೇ" ಅಂದರು. ಅಗೆದ ಆ ಜಾಗಕ್ಕೆ ಈಗ ಚಾವಣಿ ಹಾಕಿದ್ದಾರೆ, ನೆರಳಿದೆ. ಸೂರ್ಯಾಸ್ತಕ್ಕೆ ಕೊಡುವ ಸಂಜೆಯಲ್ಲಿ ಅರ್ಧವನ್ನಾದರೂ ಅಕ್ರೊತೀರಿಗೆ ಕೊಡಿ ಎಂದು ನಾನು ಎಲ್ಲರಿಗೂ ಕೈಮುಗಿದು ಕೇಳುತ್ತೇನೆ.

ಹಳೆ ಬಂದರಿನ ಮೆಟ್ಟಿಲನ್ನು ಕತ್ತೆಯ ಮೇಲೆ ಕೂತು ಹತ್ತಬೇಡಿ. ಬಿಸಿಲಲ್ಲಿ ಭಾರ ಹೊತ್ತು ಹತ್ತುವ ಆ ಜೀವಗಳನ್ನು ನೋಡಲಾಗುವುದಿಲ್ಲ. ಕೇಬಲ್ ಕಾರು ಇದೆ.

9. ಒಂದು ದ್ವೀಪದಲ್ಲಾದರೂ ಬೇರೂರಿ. ನಮಗೆ ಅದು ನಾಕ್ಸೊಸ್.

ಸೈಕ್ಲಡೀಸ್‌ನಲ್ಲೆಲ್ಲ ದೊಡ್ಡ ದ್ವೀಪ. ತನ್ನದೇ ಆಲೂಗಡ್ಡೆ, ತನ್ನದೇ ಗ್ರಾವಿಯೆರಾ ಗಿಣ್ಣು, ತನ್ನದೇ ಕಿತ್ರೊ ಎಂಬ ನಿಂಬೆ ಜಾತಿಯ ಗಿಡ, ಸುಮಾರು ಸಾವಿರ ಮೀಟರಿನ ಝಾಸ್ ಬೆಟ್ಟ. ಪ್ರವಾಸಿಗರು ಬಾರದಿದ್ದರೂ ಬದುಕುವ ಶಕ್ತಿ ಇರುವ ನೆಲ, ಆದ್ದರಿಂದಲೇ ಬಂದವರನ್ನು ನೆಮ್ಮದಿಯಿಂದ ನೋಡುತ್ತದೆ. ಬಂದರಿನ ಪಕ್ಕದಲ್ಲೇ ಪೊರ್ತಾರಾ, ಕ್ರಿಸ್ತಪೂರ್ವ 530ರ ಸುಮಾರಿಗೆ ಆರಂಭಿಸಿ ಮುಗಿಸದೆ ಬಿಟ್ಟ ಗುಡಿಯ ಅಮೃತಶಿಲೆಯ ಬಾಗಿಲು. ಗುಡಿಯಿಲ್ಲ, ಬಾಗಿಲೊಂದೇ ಆಕಾಶಕ್ಕೆ ತೆರೆದು ನಿಂತಿದೆ. ಥೀಸಿಯಸ್ ಅರಿಯಾಡ್ನೆಯನ್ನು ಬಿಟ್ಟುಹೋದದ್ದು ಈ ದ್ವೀಪದಲ್ಲೇ ಎಂಬುದು ಅವರ ಪುರಾಣ.

ಬಸ್ಸಿನಲ್ಲಿ ಒಳನಾಡಿಗೆ ಹೋಗಿ. ಹಾಲ್ಕಿಯಲ್ಲಿ ಇಳಿದರೆ ಹಳೆಯ ಆಲಿವ್ ತೋಪುಗಳ ನಡುವೆ ನಡೆದು ಪುಟ್ಟ ಪುಟ್ಟ ಬೈಜಾಂಟಿಯನ್ ಚರ್ಚುಗಳಿಗೆ ಹೋಗಬಹುದು. ಅಪೀರಾಂಥೊಸ್ ಊರಿನ ಓಣಿಗಳಿಗೆ ಅಮೃತಶಿಲೆಯದೇ ಹಾಸು. ಅಲ್ಲಿಯವರು ತಲೆಮಾರುಗಳ ಕಾಲ ಕುರುಂದದ ಗಣಿಯಲ್ಲಿ ದುಡಿದವರು. ಆ ಕಲ್ಲನ್ನು ಗುಡ್ಡದಿಂದ ಮುತ್ಸೂನಾ ಬಂದರಿಗೆ ಇಳಿಸಲು 1920ರ ದಶಕದಲ್ಲಿ ಕಟ್ಟಿದ ತಂತಿಹಾದಿಯ ಕಬ್ಬಿಣದ ಕಂಬಗಳು ಇವತ್ತಿಗೂ ಕಣಿವೆಯಲ್ಲಿ ನಿಂತಿವೆ.

ಉತ್ತರದ ತುದಿಯ ಅಪೊಲ್ಲೊನಾಸ್‌ನಲ್ಲಿ ಕಲ್ಲಿನ ಗಣಿಯಲ್ಲೇ ಒಬ್ಬ ಮಲಗಿದ್ದಾನೆ, ಸುಮಾರು ಹತ್ತೂವರೆ ಮೀಟರಿನ ಅರೆಕೆತ್ತಿದ ವಿಗ್ರಹ. ಗಡ್ಡದ ಆಕಾರ ಗೊತ್ತಾಗುತ್ತದೆ, ಮುಖ ಮೂಡಿಲ್ಲ. ಉಳಿಯ ಗುರುತು ಬೆರಳಿಗೆ ಸಿಗುತ್ತದೆ. ಶ್ರವಣಬೆಳಗೊಳದಲ್ಲಿ ಕೆತ್ತಿ ಮುಗಿದದ್ದನ್ನು ನೋಡಿ ಬೆಳೆದ ನಾನು ಅಲ್ಲಿ ಆ ಶಿಲ್ಪಿಗಳ ಕೈ ನಿಂತ ಜಾಗವನ್ನು ಮುಟ್ಟಿ ನೋಡಿದೆ. ಇವರು ಕರೆದರೂ ಏಳಲು ಮನಸ್ಸಾಗಲಿಲ್ಲ.

ಒಂದೇ ಊರಿನಲ್ಲಿ ವಾರವಿಡೀ ಇದ್ದರೆ ಮೂರನೆಯ ದಿನಕ್ಕೆ ಬೇಕರಿಯವಳು ನೀವು ಕೇಳುವ ಮೊದಲೇ ಬ್ರೆಡ್ಡು ಕಟ್ಟುತ್ತಾಳೆ. ಐದನೆಯ ದಿನಕ್ಕೆ ಅಂಗಳದ ಅಂಜೂರ ಒಂದು ತಟ್ಟೆ ಬಾಗಿಲ ಬಳಿ ಬಂದಿರುತ್ತದೆ. ಈ ಸುಖ ದಿನಕ್ಕೊಂದು ದ್ವೀಪ ಸುತ್ತುವವರಿಗೆ ಸಿಗುವುದಿಲ್ಲ.

10. ದಿನದಲ್ಲಿ ಕೆಲವು ಗಂಟೆ ಬೇರೆ ಬೇರೆ ಇರಿ.

ಊರಿನಲ್ಲಿರುವಾಗ ಇಬ್ಬರಿಗೂ ಅವರವರ ಕೆಲಸ, ಗೆಳೆಯರು, ಫೋನು. ರಜೆಯಲ್ಲಿ ಇಪ್ಪತ್ನಾಲ್ಕು ಗಂಟೆ ಎದುರು ಬದುರು. ಎಷ್ಟೇ ಪ್ರೀತಿಯಿದ್ದರೂ ನಾಲ್ಕನೆಯ ದಿನ ಸಣ್ಣ ವಿಷಯಕ್ಕೆ ಮಾತು ಏರುತ್ತದೆ. ನಮ್ಮ ಪದ್ಧತಿ ಹೀಗೆ: ಬೆಳಗಿನ ನಡಿಗೆ ಒಟ್ಟಿಗೆ. ತಿಂಡಿ ಆದ ಮೇಲೆ ಇವರು ವಸ್ತುಸಂಗ್ರಹಾಲಯಕ್ಕೆ, ನಾನು ನೀರಿಗೆ. ಒಂದೊಂದು ಮಡಕೆಯ ಮುಂದೆ ಅರ್ಧ ಗಂಟೆ ನಿಲ್ಲುವ ಇವರ ಪಕ್ಕದಲ್ಲಿ ನಾನು ಕಾಲು ಬದಲಿಸುತ್ತ ನಿಲ್ಲಬೇಕಾಗಿಲ್ಲ. ಅಲೆಗೆ ಹೆದರುವ ಇವರು ನನಗೋಸ್ಕರ ಮರಳಿನ ಮೇಲೆ ಬೇಯಬೇಕಾಗಿಲ್ಲ. ಸಂಜೆ ಬಂದರಿನ ಕಟ್ಟೆಯ ಮೇಲೆ ಸೇರಿದಾಗ ಇಬ್ಬರಲ್ಲೂ ಹೇಳುವುದಕ್ಕೆ ಸುದ್ದಿ ಇರುತ್ತದೆ. "ಏನ್ರೀ, ಇವತ್ತು ಯಾವ ರಾಜ?" ಅಂತ ನಾನು, "ಮೀನು ಕಂಡವಾ?" ಅಂತ ಅವರು.

ಹಣಕ್ಕೆ ಒಂದೇ ಚೀಲ. ವಾರಕ್ಕೆ ಇಷ್ಟು ಎಂದು ಅದರಲ್ಲಿ ಹಾಕಿಟ್ಟು, ಇಬ್ಬರೂ ಅದರಿಂದಲೇ ತೆಗೆಯಿರಿ. ಲೆಕ್ಕ ಬರೆಯುವುದು ಒಬ್ಬರೇ.

11. ಕ್ರೀಟ್‌ಗೆ ಪ್ರತ್ಯೇಕ ರಜೆ ಬೇಕು.

ಉದ್ದಕ್ಕೆ ಸುಮಾರು 260 ಕಿಲೋಮೀಟರು. ಅದನ್ನು ಇತರ ದ್ವೀಪಗಳ ಜೊತೆ ಸೇರಿಸಿಕೊಳ್ಳಬೇಡಿ. ಪಶ್ಚಿಮದ ಹನಿಯಾ ಊರು ಹಿಡಿದು ಕೂತರೆ ಸಮರಿಯಾ ಕಣಿವೆಗೆ ಹೋಗಬಹುದು. 16 ಕಿಲೋಮೀಟರು ಇಳಿಜಾರು, ಮಂಡಿ ಗಟ್ಟಿಯಿರಬೇಕು. ಕೊನೆಗೆ ಸಿಗುವ ಆಗಿಯಾ ರುಮೆಲಿ ಊರಿಗೆ ಕಾರು, ಬಸ್ಸಿನ ರಸ್ತೆಯಿಲ್ಲ, ದೋಣಿಯಲ್ಲೇ ಹೊರಡಬೇಕು. ಕೊನೆಯ ದೋಣಿ ಎಷ್ಟಕ್ಕೆ ಎಂದು ಮೇಲಿಂದ ಇಳಿಯುವ ಮೊದಲೇ ಕೇಳಿಕೊಳ್ಳಿ.

12. ಆಗಸ್ಟ್ 15ರ ಸುಮಾರಿಗೆ ಪ್ರಯಾಣ ಬೇಡ, ಆದರೆ ಒಮ್ಮೆಯಾದರೂ ಆ ದಿನ ತಿನೊಸ್‌ನಲ್ಲಿರಿ.

ಎರಡೂ ಮಾತು ನಿಜ. ಅವತ್ತು ಮಾತೆ ಮೇರಿಯ ಹಬ್ಬ, ಗ್ರೀಸಿನ ಜನವೆಲ್ಲ ತಮ್ಮ ತಮ್ಮ ಊರಿಗೆ ಹೊರಟಿರುತ್ತಾರೆ, ಹಡಗಿನಲ್ಲಿ ಜಾಗ ತಿಂಗಳ ಮೊದಲೇ ಮುಗಿದಿರುತ್ತದೆ. ತಿನೊಸ್ ಅವರ ದೊಡ್ಡ ಯಾತ್ರಾಸ್ಥಳ. 1823ರಲ್ಲಿ ಅಲ್ಲಿ ಮೇರಿಯ ಚಿತ್ರಪಟ ನೆಲದಡಿ ದೊರೆಯಿತು. ಬಂದರಿನಿಂದ ಚರ್ಚಿಗೆ ಏರುವ ಬೀದಿಯ ಅಂಚಿನಲ್ಲಿ ಉದ್ದಕ್ಕೂ ಜಮಖಾನೆ ಹಾಸಿರುತ್ತಾರೆ. ಹರಕೆ ಹೊತ್ತವರು ಅದರ ಮೇಲೆ ಮಂಡಿಯೂರಿ, ತೆವಳಿಕೊಂಡು ಮೇಲಕ್ಕೆ ಹೋಗುತ್ತಾರೆ. ಕಪ್ಪು ಬಟ್ಟೆಯ ಮುದುಕಿ, ಬೆನ್ನಿಗೆ ಮಗು ಕಟ್ಟಿಕೊಂಡ ತಾಯಿ, ಪಕ್ಕದಲ್ಲಿ ನೀರು ಹಿಡಿದು ನಡೆಯುವ ಗಂಡ. ಉರುಳುಸೇವೆ ಕಂಡು ಬೆಳೆದ ನಮಗೆ ಅಲ್ಲಿ ಯಾರೂ ಏನೂ ವಿವರಿಸಬೇಕಾಗಲಿಲ್ಲ. ನಾನು ಚಪ್ಪಲಿ ಕೈಯಲ್ಲಿ ಹಿಡಿದು ಆ ಜಮಖಾನೆಯ ಪಕ್ಕದಲ್ಲೇ ನಡೆದು ಹೋದೆ.

1940ರ ಆಗಸ್ಟ್ 15ರಂದು, ಗ್ರೀಸ್ ಇನ್ನೂ ಯುದ್ಧಕ್ಕೆ ಇಳಿಯದಿದ್ದಾಗಲೇ, ಹಬ್ಬಕ್ಕೆಂದು ಈ ಬಂದರಿನಲ್ಲಿ ನಿಂತಿದ್ದ ಎಲ್ಲಿ ಎಂಬ ಯುದ್ಧನೌಕೆಯನ್ನು ಇಟಲಿಯ ಜಲಾಂತರ್ಗಾಮಿ ಮುಳುಗಿಸಿತು. ಮೆರವಣಿಗೆಯಲ್ಲಿ ಆ ನಾವಿಕರನ್ನೂ ನೆನೆಯುತ್ತಾರೆ. ಕ್ಯಾಮೆರಾ ಒಳಗಿಡಿ. ಎರಡು ರಾತ್ರಿ ಮೊದಲೇ ಬಂದು, ಹಬ್ಬ ಮುಗಿದು ಎರಡು ದಿನದ ನಂತರ ಹೊರಡಿ.

13. ಕೊನೆಯ ರಾತ್ರಿ ಅಥೆನ್ಸಿನಲ್ಲಿರಲಿ.

ಗಾಳಿಯ ತಿಂಗಳಾದರೆ ಎರಡು ರಾತ್ರಿ. ಹಡಗಿನಿಂದ ಇಳಿದ ದಿನವೇ ಬೆಂಗಳೂರಿನ ವಿಮಾನ ಹಿಡಿಯುವ ಯೋಜನೆ ಯಾರೂ ಹಾಕಬಾರದು. 2022ರ ಅಕ್ಟೋಬರಿನಿಂದ ಮೆಟ್ರೋದ ಮೂರನೆಯ ಮಾರ್ಗ ಪಿರೇಯಸ್‌ನಿಂದ ನೇರವಾಗಿ ವಿಮಾನ ನಿಲ್ದಾಣಕ್ಕೆ ಹೋಗುತ್ತದೆ, ಸುಮಾರು ಒಂದು ಗಂಟೆಯ ದಾರಿ. ಉಳಿದ ಒಂದು ದಿನವನ್ನು ರಾಷ್ಟ್ರೀಯ ಪುರಾತತ್ವ ಸಂಗ್ರಹಾಲಯಕ್ಕೆ ಕೊಡಿ. ಅಕ್ರೊತೀರಿಯ ಒಂದು ಕೋಣೆಯ ಗೋಡೆಚಿತ್ರ ಅಲ್ಲಿದೆ: ಕೆಂಪು, ಹಳದಿ ಬಂಡೆ, ಅದರ ಮೇಲೆ ಕೆಂಪು ಲಿಲ್ಲಿ ಹೂ, ಗಾಳಿಯಲ್ಲಿ ಎದುರು ಬದುರಾಗಿ ಹಾರುವ ಬಾನಾಡಿ ಜೋಡಿ. ದ್ವೀಪ ನೋಡಿ ಬಂದ ಮೇಲೆ ಅದರ ಮುಂದೆ ನಿಂತರೆ ಬಂಡೆಯ ಒಂದೊಂದು ಬಣ್ಣವನ್ನೂ ಗುರುತಿಸಬಹುದು. ಮಂಗಳವಾರ ಆ ಸಂಗ್ರಹಾಲಯ ತೆರೆಯುವುದು ಮಧ್ಯಾಹ್ನ ಒಂದರ ಮೇಲೆ. ಅವತ್ತೇ ರಾತ್ರಿ ವಿಮಾನವಿದ್ದರೆ ಚೀಲವನ್ನು ಹೋಟೆಲಿನಲ್ಲೇ ಬಿಟ್ಟು, ಬಾಗಿಲು ತೆರೆಯುವ ಹೊತ್ತಿಗೆ ಹೋಗಿ ನಿಲ್ಲಿ.